‘ದಹೋಮಿ’ ನೋಡಿದವರು ಇದ್ದೀರಾ? ಊರಿಗೆ ವಾಪಸ್ ಬಂದ 26 ವಸ್ತುಗಳ ಬಗ್ಗೆ

ಕಲಾಶಾಲೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಭಾನುವಾರ ಎರಡು ಸಾಕ್ಷ್ಯಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದೆ. ಒಂದು 1953ರದ್ದು, ಇನ್ನೊಂದು 2024ರದ್ದು. ನೋಡಿದಾಗಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ. ಅದನ್ನು ಇಲ್ಲಿ ಬಿಡುತ್ತಿದ್ದೇನೆ, ನಿಮ್ಮನ್ನೂ ಸ್ವಲ್ಪ ಕೊರೆಯಲಿ.

ನಾನು ಬಿವಿಎ ಹುಡುಗರಿಗೆ ಕಲಾ ಇತಿಹಾಸ ಪಾಠ ಮಾಡುವವನು. ಪ್ರತಿ ವರ್ಷ ಕ್ಯೂಬಿಸಂ (ಆಕಾರಗಳನ್ನು ಒಡೆದು ಕೋನಕೋನವಾಗಿ ಬರೆಯುವ ಚಿತ್ರಶೈಲಿ) ಬಂದಾಗ ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತೇನೆ: ‘1907, ಪಿಕಾಸೊ, ಆಫ್ರಿಕಾದ ಮುಖವಾಡಗಳ ಪ್ರಭಾವ.’ ಅವರು ಬರೆದುಕೊಳ್ಳುತ್ತಾರೆ, ನಾನು ಒರೆಸುತ್ತೇನೆ, ಮುಂದಕ್ಕೆ ಹೋಗುತ್ತೇವೆ. ಈ ಸಲ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿಬಿಟ್ಟಳು, ‘ಸರ್, ಆ ಮುಖವಾಡ ಪ್ಯಾರಿಸ್‌ಗೆ ಹೋಗಿದ್ದು ಹೇಗೆ?’ ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಯಾರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ‘ನಾಳೆ ಹೇಳ್ತೀನಿ ಕೂತ್ಕೊಳ್ಳಮ್ಮ’ ಅಂದೆ. ಆ ನಾಳೆಗೋಸ್ಕರ ಹುಡುಕಿದ್ದು ಈ ಸಿನಿಮಾಗಳನ್ನು.

ಹಳೆಯದು ‘ಪ್ರತಿಮೆಗಳೂ ಸಾಯುತ್ತವೆ’. ಅಲೆನ್ ರೆನೆ, ಕ್ರಿಸ್ ಮಾರ್ಕರ್, ಗಿಸ್ಲೆನ್ ಕ್ಲೋಕೆ ಮೂವರೂ ಸೇರಿ ಮಾಡಿದ ಅರ್ಧ ಗಂಟೆಯ ಕಪ್ಪುಬಿಳುಪು ಚಿತ್ರ. ಮಾಡಿಸಿದ್ದು ‘ಪ್ರೆಸಾನ್ಸ್ ಆಫ್ರಿಕೇನ್’ ಪತ್ರಿಕೆಯವರು. ಅವರ ಪ್ರಶ್ನೆ ತೀರಾ ಸರಳ: ಗ್ರೀಸಿನದು, ಈಜಿಪ್ಟಿನದು ಪ್ಯಾರಿಸ್ಸಿನ ದೊಡ್ಡ ಕಲಾ ಮ್ಯೂಸಿಯಂ ಆದ ಲೂವ್ರ್‌ನಲ್ಲಿ ಇದೆ. ಆಫ್ರಿಕಾದ್ದು ಮಾತ್ರ ಜನಾಂಗ ಅಧ್ಯಯನದ ಮ್ಯೂಸಿಯಂನಲ್ಲಿ ಯಾಕೆ? ಇಷ್ಟು ಕೇಳಿ ಸುಮ್ಮನಾಗಿದ್ದರೆ ತೊಂದರೆ ಇರಲಿಲ್ಲ. ಕೊನೆಯ ಭಾಗದಲ್ಲಿ ವಸಾಹತು ಆಡಳಿತವನ್ನೇ ಕುಟುಕಿದರು. 1954ರಲ್ಲಿ ಅದಕ್ಕೆ ಜಾನ್ ವಿಗೊ ಪ್ರಶಸ್ತಿ ಬಂತು. ಆದರೆ ಸೆನ್ಸಾರಿನವರು ಬಿಡಲಿಲ್ಲ. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಪೂರ್ತಿ ಚಿತ್ರ ಫ್ರಾನ್ಸಿನ ಜನಕ್ಕೆ ಕಾಣಲೇ ಇಲ್ಲ.

ಹೊಸದು ಮತಿ ಡಿಯೋಪ್ ಅವರ ‘ದಹೋಮಿ’. 68 ನಿಮಿಷ. 2024ರ ಬರ್ಲಿನ್ ಚಿತ್ರೋತ್ಸವದಲ್ಲಿ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಗೆದ್ದಿತು. ದಹೋಮಿ ಅಂದರೆ ಪಶ್ಚಿಮ ಆಫ್ರಿಕಾದ ಇವತ್ತಿನ ಬೆನಿನ್ ದೇಶದ ದಕ್ಷಿಣದಲ್ಲಿದ್ದ ರಾಜ್ಯ. 1892ರಲ್ಲಿ ಜನರಲ್ ಡಾಡ್ಸ್‌ನ ಫ್ರೆಂಚ್ ಸೈನ್ಯ ರಾಜಧಾನಿ ಅಬೋಮಿಗೆ ನುಗ್ಗಿತು. ಅರಮನೆಯಿಂದ ಎತ್ತಿಕೊಂಡು ಹೋದದ್ದರಲ್ಲಿ ಕೆಲವನ್ನು ಡಾಡ್ಸ್ ಪ್ಯಾರಿಸ್ಸಿನ ಟ್ರೊಕಾಡೆರೊ ಮ್ಯೂಸಿಯಂಗೆ ಕೊಟ್ಟ. ರಿಜಿಸ್ಟರಿನಲ್ಲಿ ಅದು ‘ದಾನ’. ಲೂಟಿ ಮಾಡಿದವನೇ ದಾನಿ! ಅದರಲ್ಲಿ 26 ವಸ್ತುಗಳು 2021ರ ನವೆಂಬರಿನಲ್ಲಿ ವಾಪಸ್ ಹೋದವು. ಆ ಪ್ರಯಾಣವೇ ಸಿನಿಮಾ.

ಒಂದು ದೃಶ್ಯ ಹೇಳುತ್ತೇನೆ. ರಾಜ ಘೆಜೊನ ಮರದ ಪ್ರತಿಮೆಯನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಮುಚ್ಚಳ ಬೀಳುತ್ತದೆ. ಪರದೆ ಪೂರ್ತಿ ಕಪ್ಪು. ಸ್ಕ್ರೂ ಬಿಗಿಯುವ ಸದ್ದು. ನಾವೂ ಒಳಗೇ ಇದ್ದೇವೆ! ಆ ಕತ್ತಲೆಯಲ್ಲಿ ಅಲ್ಲಿನವರ ಫಾನ್ ಭಾಷೆಯಲ್ಲಿ ಒಂದು ಗಡಸು ದನಿ ಮಾತಾಡುತ್ತದೆ. ರಾಜ ಅಂತ ಹೇಳಿಕೊಳ್ಳುವುದಿಲ್ಲ. ತನ್ನನ್ನು ಕರೆಯುವುದು 26ನೇ ನಂಬರ್ ಅಂತ.

ಈಗ ನನ್ನ ಹುಳ. ಪಿಕಾಸೊ 1907ರಲ್ಲಿ ಹೋಗಿ ಬೆಚ್ಚಿಬಿದ್ದದ್ದು ಇದೇ ಟ್ರೊಕಾಡೆರೊ ಮ್ಯೂಸಿಯಂನಲ್ಲಿ. ಈ ರಾಜರ ಪ್ರತಿಮೆಗಳು ಅಷ್ಟೊತ್ತಿಗೆ ಅಲ್ಲಿ ಬಂದು ಹತ್ತು ವರ್ಷದ ಮೇಲಾಗಿತ್ತು. ಅವನ್ನೇ ಅವನು ನೋಡಿದ ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಬೋರ್ಡಿನ ‘ಪ್ರಭಾವ’ ಎಂಬ ಪದದ ಹಿಂದೆ ಡಾಡ್ಸ್‌ನ ಫಿರಂಗಿಯೂ ಇದೆ ಅಲ್ವಾ? ಅದನ್ನು ಪಾಠದಲ್ಲಿ ಎಲ್ಲಿ ಸೇರಿಸಲಿ?

ಪ್ಯಾರಿಸ್ ಕನ್ನಡತಿ:

ಮೇಷ್ಟ್ರೇ, ನಾನು ಇಲ್ಲಿ ಓದುತ್ತಿದ್ದೇನೆ. ಟ್ರೊಕಾಡೆರೊ ಸಂಗ್ರಹ ಈಗ ಇರುವ ಕೇ ಬ್ರಾನ್ಲಿ ಮ್ಯೂಸಿಯಂ ನನ್ನ ಬಸ್ ದಾರಿಯಲ್ಲೇ ಸಿಗುತ್ತದೆ. ತಿಂಗಳ ಮೊದಲ ಭಾನುವಾರ ಪುಕ್ಕಟೆ, ಅವತ್ತೇ ಹೋಗುವುದು. ಒಳಗೆ ಬೆಳಕು ತುಂಬಾ ಕಮ್ಮಿ. ಕಾಡಿನೊಳಗೆ ಹೋದ ಹಾಗಿರಲಿ ಅಂತ ಬೇಕೆಂದೇ ಮಾಡಿದ್ದಾರೆ. ಗ್ರೀಕ್ ಶಿಲ್ಪಕ್ಕೆ ಯಾರಾದರೂ ಹೀಗೆ ಕತ್ತಲೆ ಮಾಡುತ್ತಾರಾ ಅಂತ ಪ್ರತಿ ಸಲ ಅನಿಸುತ್ತದೆ.

ನಿಮ್ಮ ಹಳೆಯ ಸಿನಿಮಾದ ಪ್ರಶ್ನೆಗೆ ಉತ್ತರ ಬಂದದ್ದು 2000ರಲ್ಲಿ. ಆಗ ಲೂವ್ರ್‌ನ ಒಂದು ಭಾಗದಲ್ಲಿ ಆಫ್ರಿಕಾ, ಏಷ್ಯಾ, ಓಶಿಯಾನಿಯಾ, ಅಮೆರಿಕದ ಆಯ್ದ ಶಿಲ್ಪಗಳನ್ನು ಇಟ್ಟರು. ಅದರಲ್ಲಿ ದಹೋಮಿಯ ‘ಗೂ’ ಕೂಡ ಇದೆ. ಗೂ ಅಂದರೆ ಕಬ್ಬಿಣದ ದೇವರು, ಯುದ್ಧದ ದೇವರು. ಅದರ ಮುಂದೆ ಅರ್ಧ ಗಂಟೆ ನಿಂತಿದ್ದೇನೆ. ಹೆಚ್ಚುಕಮ್ಮಿ ಆಳೆತ್ತರ, ತೆಳ್ಳಗೆ. ಗುಜರಿ ಕಬ್ಬಿಣವನ್ನು ತಟ್ಟಿ, ಮೊಳೆ ಹೊಡೆದು ಜೋಡಿಸಿದ್ದು. ತಲೆಯ ಮೇಲೆ ಒಂದು ತಟ್ಟೆ, ಅದರಲ್ಲಿ ಸಣ್ಣ ಸಣ್ಣ ಆಯುಧಗಳು. ಮಾಡಿದವರ ಹೆಸರೂ ಉಳಿದಿದೆ, ಅಕಾಟಿ ಎಕ್‌ಪ್ಲೆಕೆಂಡೊ. ಹತ್ತೊಂಬತ್ತನೇ ಶತಮಾನದ ಕೆಲಸ. ತಗಡು, ಕಬ್ಬಿಣ ಬೆಸೆದು ಪ್ರತಿಮೆ ಮಾಡುವುದು ಯುರೋಪಿನಲ್ಲಿ ‘ಆಧುನಿಕ’ ಅನಿಸಿಕೊಳ್ಳಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

ತಮಾಷೆ ನೋಡಿ. 1953ರಲ್ಲಿ ‘ಇವನ್ನು ಲೂವ್ರ್‌ನಲ್ಲಿ ಯಾಕೆ ಇಟ್ಟಿಲ್ಲ’ ಅನ್ನುವುದೇ ಬಂಡಾಯ. ಈಗ ‘ಇನ್ನೂ ಲೂವ್ರ್‌ನಲ್ಲೇ ಯಾಕೆ ಇಟ್ಟಿದ್ದೀರಿ’ ಅನ್ನುವುದು ಜಗಳ. 26ರ ಪಟ್ಟಿಯಲ್ಲಿ ಗೂ ಇರಲಿಲ್ಲ. ಹಸ್ತಾಂತರದ ದಿನವೇ ಬೆನಿನ್ ಅಧ್ಯಕ್ಷ ಪಾತ್ರಿಸ್ ತಾಲೋಂ ಅದರ ಮಾತೆತ್ತಿದರು.

ಸುಮ್ನೆ ಕೇಳ್ದೆ:

ಎಲ್ಲಾ ಸರಿ. ಆದರೆ ಈ ಘೆಜೊ ಯಾರು ಅಂತ ಒಂದು ಸಲ ನೋಡಿ. 1818ರಿಂದ 1858ರವರೆಗೆ ಆಳಿದ. ದಹೋಮಿಯ ಬೊಕ್ಕಸ ತುಂಬಿದ್ದೇ ಗುಲಾಮರ ವ್ಯಾಪಾರದಿಂದ. ಪಕ್ಕದ ಊರುಗಳ ಮೇಲೆ ದಾಳಿ ಮಾಡಿ ಹಿಡಿದು ತಂದ ಜನರನ್ನು ವಿದಾ ಬಂದರಿನಲ್ಲಿ ಹಡಗು ಹತ್ತಿಸುತ್ತಿದ್ದರು. ಅವನ ಪ್ರತಿಮೆ ಪೆಟ್ಟಿಗೆಯೊಳಗೆ ಕೂತು ‘ನನ್ನನ್ನು ಊರಿಂದ ಕಿತ್ತುಕೊಂಡು ಹೋದರು’ ಅಂತ ಗೋಳಾಡಿದರೆ ನನಗಂತೂ ಕಣ್ಣೀರು ಬರುವುದಿಲ್ಲ. ಕಳ್ಳನ ಮನೆಗೆ ಕಳ್ಳ ನುಗ್ಗಿದ ಕಥೆ ಇದು.

ಕಲಾಶಾಲೆ ಮೇಷ್ಟ್ರು:

ಒಪ್ಪುತ್ತೇನೆ. ಸಿನಿಮಾ ಇದನ್ನು ಎದುರಿಗೆ ತಂದು ನಿಲ್ಲಿಸುವುದಿಲ್ಲ. ಅದು ಕೊರತೆಯೇ. ಒಂದು ವಿಷಯ ಮಾತ್ರ ನೋಡಿ. ಆ ದನಿಗೆ ಮಾತು ಬರೆದವರು ಮಕೆಂಜಿ ಓರ್ಸೆಲ್, ಹೈಟಿಯ ಲೇಖಕ. ಹೈಟಿಯ ಜನ ಯಾರು? ಇದೇ ಕರಾವಳಿಯಿಂದ ಹಡಗು ಹತ್ತಿಸಿದವರ ಮೊಮ್ಮಕ್ಕಳೂ ಅಲ್ಲಿದ್ದಾರೆ. ಮಾರಿದ ರಾಜನ ಬಾಯಿಗೆ ಮಾರಾಟವಾದವರ ಕಡೆಯವನು ಮಾತು ಕೊಟ್ಟಿದ್ದಾನೆ. ಇದು ಗೊತ್ತಾದ ಮೇಲೆ ಆ ಕತ್ತಲೆ ದೃಶ್ಯವನ್ನು ಇನ್ನೊಮ್ಮೆ ನೋಡಿದೆ. ಪೆಟ್ಟಿಗೆ ಅನ್ನುವುದಕ್ಕಿಂತ ಹಡಗಿನ ತಳದ ಹಾಗೆ ಕೇಳಿಸಿತು.

ಸುಮ್ನೆ ಕೇಳ್ದೆ:

ಹ್ಞೂಂ. ಇದು ಗೊತ್ತಿರಲಿಲ್ಲ. ಆದರೂ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲ್ಲ.

ಕಪ್ಪು ಕೋಟು:

ನಾನು ಕೋರ್ಟಿನ ಕಡೆಯವನು, ಸಿನಿಮಾ ಅಷ್ಟಾಗಿ ತಿಳಿಯದು. ಕಾಗದದ ಕಥೆ ಹೇಳುತ್ತೇನೆ. ಬೇಜಾರಾದರೆ ದಾಟಿಸಿಕೊಂಡು ಹೋಗಿ.

ಬೆನಿನ್ ಸರ್ಕಾರ ಕೇಳಿದ್ದು 2016ರಲ್ಲಿ. ಫ್ರಾನ್ಸ್ ಆಗಲ್ಲ ಅಂತು. ಕಾರಣ, ಸಾರ್ವಜನಿಕ ಸಂಗ್ರಹದ ವಸ್ತುವನ್ನು ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ಒಳ್ಳೆಯ ಕಾನೂನೇ. ಇಲ್ಲದಿದ್ದರೆ ಒಬ್ಬ ಮಂತ್ರಿ ಬಂದು ನೆಂಟರಿಗೆ ಚಿತ್ರಪಟ ಹಂಚಿಬಿಡುತ್ತಾನೆ. ಆದರೆ ಅದೇ ಕಾನೂನು ಲೂಟಿಯ ಮಾಲಿಗೂ ಬೀಗ ಹಾಕಿತ್ತು. ಡಾಡ್ಸ್ ‘ದಾನ’ ಕೊಟ್ಟ ಕ್ಷಣದಿಂದ ಅದು ಫ್ರಾನ್ಸಿನ ಆಸ್ತಿ.

2017ರ ನವೆಂಬರಿನಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಬುರ್ಕಿನಾ ಫಾಸೊದಲ್ಲಿ ಭಾಷಣ ಮಾಡಿ, ಐದು ವರ್ಷದೊಳಗೆ ವಾಪಸಾತಿಗೆ ದಾರಿ ಮಾಡಬೇಕು ಅಂದರು. ಮುಂದಿನ ವರ್ಷ ಸೆನೆಗಲ್‌ನ ಫೆಲ್ವಿನ್ ಸಾರ್, ಫ್ರಾನ್ಸಿನ ಬೆನೆಡಿಕ್ಟ್ ಸಾವ್ವಾ ಎಂಬ ಇಬ್ಬರು ವಿದ್ವಾಂಸರು ಈ ಬಗ್ಗೆ ವರದಿ ಕೊಟ್ಟರು. ಅವರ ಲೆಕ್ಕದಲ್ಲಿ ಸಹಾರಾದ ಕೆಳಗಿನ ಆಫ್ರಿಕಾದ ಸುಮಾರು 90,000 ವಸ್ತುಗಳು ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿವೆ. ಸುಮಾರು 70,000 ಕೇ ಬ್ರಾನ್ಲಿ ಒಂದರಲ್ಲೇ. ಕೊನೆಗೆ 2020ರ ಡಿಸೆಂಬರ್ 24ರಂದು ಒಂದು ಪುಟ್ಟ ಕಾನೂನು ಬಂತು. ಬೆನಿನ್‌ನ 26 ವಸ್ತು, ಸೆನೆಗಲ್‌ನ ಒಂದು ಖಡ್ಗ, ಇಷ್ಟಕ್ಕೆ ಮಾತ್ರ ವಿನಾಯಿತಿ. ದೊಡ್ಡ ಬೀಗ ಆಗ ಹಾಗೇ ಉಳಿಯಿತು. ಕಿಂಡಿಯೊಂದನ್ನು ಕೊರೆದು 27 ವಸ್ತು ಆಚೆ ಹಾಕಿದರು, ಅಷ್ಟೇ.

ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸಿಂಹಾಸನವನ್ನು ಒಡೆದು ತುಂಡು ಮಾಡಿ ಹಂಚಿಕೊಂಡರು. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ಬಿಟ್ಟುಕೊಡಲು ಅಡ್ಡ ಬರುವುದು ಬ್ರಿಟನ್ನಿನ 1983ರ ಕಾನೂನು. ಅದೇ ಸಿಂಹಾಸನದ ಚಿನ್ನದ ಹುಲಿತಲೆ ಒಂದು 2021ರಲ್ಲಿ ಮಾರಾಟದ ಸುದ್ದಿಗೆ ಬಂತು, ಬೆಲೆ 15 ಲಕ್ಷ ಪೌಂಡ್. ಬ್ರಿಟನ್ ಸರ್ಕಾರ ತಕ್ಷಣ ಅದು ದೇಶ ಬಿಟ್ಟು ಹೋಗದ ಹಾಗೆ ತಾತ್ಕಾಲಿಕ ತಡೆ ಹಾಕಿತು. ಯಾಕಂದರೆ ಅದು ‘ಬ್ರಿಟನ್ನಿಗೆ ಮಹತ್ವದ ವಸ್ತು’. ಈ ತಡೆ ಬಂದದ್ದು 2021ರ ನವೆಂಬರಿನಲ್ಲಿ, ಘೆಜೊ ಪ್ರತಿಮೆ ಬೆನಿನ್ ದೇಶದ ಕೊಟೊನು ನಗರದಲ್ಲಿ ವಿಮಾನ ಇಳಿದ ಅದೇ ತಿಂಗಳು.

ಗಾಂಧಿ ಕ್ಲಾಸ್:

ವಕೀಲರೇ, ನಿಮ್ಮ ಕೊನೆಯ ಪ್ಯಾರಾ ಓದಿ ಕಾಫಿ ತಣ್ಣಗಾಯಿತು.

ನಾನು ಹಳೇ ಕಾಲದವನು. ಡಾಕ್ಯುಮೆಂಟರಿ ಅಂದರೆ ನಮಗೆ ಟಾಕೀಸಿನಲ್ಲಿ ಮೇನ್ ಪಿಕ್ಚರ್ ಶುರುವಾಗುವ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಷನ್ ರೀಲು. ಪ್ರತಿ ಟಾಕೀಸೂ ತೋರಿಸಲೇಬೇಕು, ಮೇಲೆ ಬಾಡಿಗೆಯನ್ನೂ ಕಟ್ಟಬೇಕು. ಜನ ಹೊರಗೆ ಬೀಡಿ ಸೇದುತ್ತಾ ‘ಅದು ಮುಗೀಲಿ ಬಿಡು’ ಅನ್ನುತ್ತಿದ್ದರು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ರಿಬ್ಬನ್ ಕತ್ತರಿ. ಆದರೆ ಅದೇ ಫಿಲ್ಮ್ಸ್ ಡಿವಿಷನ್ 1967ರಲ್ಲಿ ಎಂ.ಎಫ್. ಹುಸೇನ್ ಕೈಗೆ ಕ್ಯಾಮೆರಾ ಕೊಟ್ಟಿತು. ಅವರು ರಾಜಸ್ಥಾನಕ್ಕೆ ಹೋಗಿ ಕೋಟೆ, ಕೊಡೆ, ಲಾಟೀನು, ಹಳೇ ಚಪ್ಪಲಿ ಎಲ್ಲಾ ಸೇರಿಸಿ ಒಂದು ಕಿರುಚಿತ್ರ ಮಾಡಿದರು. ಕಥೆ ಗಿಥೆ ಏನಿಲ್ಲ. ಬರ್ಲಿನ್‌ನಲ್ಲಿ ಕಿರುಚಿತ್ರದ ಗೋಲ್ಡನ್ ಬೇರ್ ಬಂತು. ಮೇಷ್ಟ್ರು ಹೇಳಿದ ಪ್ರಶಸ್ತಿಯ ತಮ್ಮ ಅನ್ನಿ.

ಯಾಕೆ ಹೇಳಿದೆ ಅಂದರೆ, ಪುರಾತನ ಕೋಟೆಯನ್ನು ಆಧುನಿಕ ಕಲಾವಿದನ ಕಣ್ಣಿಂದ ಸರ್ಕಾರಿ ದುಡ್ಡಿನಲ್ಲಿ ತೋರಿಸುವ ಕೆಲಸ ನಮ್ಮಲ್ಲೂ ನಡೆದಿತ್ತು. ಬೀಡಿ ಸೇದುವವರು ಒಳಗೆ ಬರಲಿಲ್ಲ, ಅದು ಬೇರೆ ಮಾತು. ಈಗ ಆ ಸಂಸ್ಥೆ ಸರ್ಕಾರಿ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿ ಜೊತೆ ಸೇರಿಹೋಗಿದೆ.

ಇನ್ನೊಂದು. ಫ್ರಾನ್ಸಿಗೆ ಸಂಸ್ಕೃತಿ ಮಂತ್ರಿ ಅಂತ ಮೊದಲು ಆದವರು ಆಂಡ್ರೆ ಮಾಲ್ರೋ, 1959ರಲ್ಲಿ. ಪಿಕಾಸೊ ತನ್ನ ಟ್ರೊಕಾಡೆರೊ ಅನುಭವ ಹೇಳಿಕೊಂಡಿದ್ದು ಇವರ ಹತ್ತಿರವೇ. ಇದೇ ಮಾಲ್ರೋ ಇಪ್ಪತ್ತೆರಡರ ವಯಸ್ಸಿನಲ್ಲಿ, 1923ರಲ್ಲಿ, ಕಾಂಬೋಡಿಯಾದ ಬಂತೆ ಸ್ರೈ ದೇವಸ್ಥಾನದ ಶಿಲ್ಪಗಳನ್ನು ಗರಗಸದಿಂದ ಕೊಯ್ದು ಸಾಗಿಸಲು ಹೋಗಿ ಸಿಕ್ಕಿಬಿದ್ದಿದ್ದರು. ಕೇಸಾಗಿ ಶಿಕ್ಷೆಯೂ ಆಗಿತ್ತು, ಮೇಲ್ಮನವಿಯಲ್ಲಿ ಕಮ್ಮಿಯಾಯಿತು. ಅಂಥವರೇ ಮುಂದೆ ಇಡೀ ದೇಶದ ಸಂಸ್ಕೃತಿಗೆ ಯಜಮಾನರು!

ಕಡಲ ಕಡೆಯವ:

ಎಂಥ ಮಾರಾಯ್ರೆ, ಎಲ್ಲರೂ ವಸ್ತು ವಾಪಸ್ ಬರಬೇಕು ಅಂತೀರಿ. ಬಂದ ಮೇಲೆ ಎಂಥ ಮಾಡುವುದು ಅಂತ ಯಾರೂ ಕೇಳುವುದಿಲ್ಲ.

ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂಗೆ ಹೋದವರು ಭೂತಗಳ ಕೋಣೆ ನೋಡಿರಬಹುದು. ಆಳೆತ್ತರದ ಮರದ ಮೂರ್ತಿಗಳು. ಅವು ನಮ್ಮ ಮೆಕ್ಕೆಕಟ್ಟಿನವು. ಉಡುಪಿ ಜಿಲ್ಲೆಯ ಶಿರಿಯಾರದ ಹತ್ತಿರದ ನಂದಿಕೇಶ್ವರ ಗುಡಿ. 1960ರ ದಶಕದಲ್ಲಿ ಗುಡಿಯ ಜೀರ್ಣೋದ್ಧಾರ ಆದಾಗ ಹೊಸ ಮೂರ್ತಿಗಳು ಬಂದವು, ಹಳೆಯವು ದಿಲ್ಲಿಗೆ ಹೋದವು.

ನಾನು ಮೊದಲ ಸಲ ದಿಲ್ಲಿಯಲ್ಲಿ ಅವನ್ನು ನೋಡಿದಾಗ ಚಪ್ಪಲಿ ಬಿಟ್ಟೆ. ಕಾವಲುಗಾರ ನಕ್ಕ. ಮನೆಗೆ ಬಂದು ಅಜ್ಜಿಗೆ ಹೇಳಿದೆ, ನಮ್ಮ ದೈವಗಳು ಅಲ್ಲಿ ದೂಳು ಹಿಡಿಯುತ್ತಿವೆ, ತರಬೇಕು ಅಂತ. ಅಜ್ಜಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ‘ಅದ್ರಗೆ ಈಗ ಎಂತ ಇತ್ತ್? ಬರೀ ಮರ’ ಅಂದರು. ಸಾನಿಧ್ಯವನ್ನು ಹಳೆಯದರಿಂದ ಹೊಸದಕ್ಕೆ ಕರೆದು ಕೂರಿಸಿ ಆಗಿದೆ. ಆಮೇಲೆ ಹಳೆಯದಕ್ಕೆ ಕೈ ಮುಗಿಯುವವರಿಲ್ಲ. ಹುಳ ತಿಂದರೆ ತಿನ್ನಲಿ, ನೀರಿಗೆ ಬಿಟ್ಟರೆ ಬಿಡಲಿ.

ಅಜ್ಜಿಯ ಲೆಕ್ಕದಲ್ಲಿ ಪ್ರತಿಮೆ ಸಾಯುತ್ತದೆ, ಅದು ತಪ್ಪೇನೂ ಅಲ್ಲ. ದಿಲ್ಲಿಯವರ ಲೆಕ್ಕದಲ್ಲಿ ಅದು ಸಾಯಬಾರದು. ಇಬ್ಬರೂ ಸರಿ ಅನಿಸುತ್ತದೆ ನನಗೆ. ಮೆಕ್ಕೆಕಟ್ಟಿನದು ಲೂಟಿ ಅಲ್ಲ, ದಹೋಮಿಯದು ಲೂಟಿ, ಆ ವ್ಯತ್ಯಾಸ ಗೊತ್ತು. ಆದರೆ ಅಬೋಮಿಯಲ್ಲಿ ಪೂಜೆ ಮಾಡುವವರನ್ನು ಕೇಳಿದರಾ? 130 ವರ್ಷ ಹೊರಗಿದ್ದದ್ದರಲ್ಲಿ ಇನ್ನೂ ‘ಎಂತ ಇತ್ತ್’ ಅಂತ?

ಪ್ಯಾರಿಸ್ ಕನ್ನಡತಿ:

ಅಣ್ಣಾ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಿಮ್ಮ ಪ್ರಶ್ನೆಯ ಹತ್ತಿರ ಹತ್ತಿರಕ್ಕೆ ಸಿನಿಮಾ ಹೋಗುತ್ತದೆ. ಕೊಟೊನುವಿನಲ್ಲಿ ಪೆಟ್ಟಿಗೆ ತೆಗೆದ ಮೇಲೆ ಒಬ್ಬರು ತಜ್ಞರು ಒಂದೊಂದನ್ನೂ ನೋಡಿ ಎಲ್ಲಿ ಬಿರುಕು, ಎಲ್ಲಿ ಮುರಿದಿದೆ ಅಂತ ಹೇಳಿ ಬರೆಸುತ್ತಾರೆ. ಆಸ್ಪತ್ರೆಯ ಕೇಸ್ ಶೀಟ್ ಹಾಗೆ. ಆಮೇಲೆ ಅಬೋಮಿ-ಕಲಾವಿ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರ ಚರ್ಚೆ. ಸಿನಿಮಾದ ಜೀವ ಇರುವುದೇ ಅಲ್ಲಿ. ಒಬ್ಬರು ಖುಷಿ ಪಡುತ್ತಾರೆ. ಇನ್ನೊಬ್ಬರು 7,000ದಲ್ಲಿ ಬರೀ 26 ಕೊಟ್ಟದ್ದು ಅವಮಾನ ಅನ್ನುತ್ತಾರೆ. ಭಾಷೆಯ ಮಾತೂ ಬರುತ್ತದೆ. ಈ ಜಗಳ ಆಡಬೇಕಾಗಿರುವುದೂ ಫ್ರೆಂಚ್‌ನಲ್ಲೇ ಅಲ್ಲವೇ ಅಂತ.

ಮತ್ತೆ ಒಂದು ಒಳ್ಳೆಯ ವಿಷಯ. 2022ರ ಫೆಬ್ರವರಿಯಲ್ಲಿ ಅಧ್ಯಕ್ಷರ ಅರಮನೆಯಲ್ಲೇ ಪ್ರದರ್ಶನ ಇಟ್ಟರು. ಆ 26 ವಸ್ತುಗಳ ಜೊತೆಗೆ ಬೆನಿನ್‌ನ 34 ಈಗಿನ ಕಲಾವಿದರ ಕೆಲಸಗಳು. ಮೇಷ್ಟ್ರೇ, ನಿಮ್ಮ ಹುಡುಗರಿಗೆ ಇದು ಮುಖ್ಯ. ಪ್ಯಾರಿಸ್‌ನವರು ನೂರು ವರ್ಷ ಇವನ್ನು ನೋಡಿ ಚಿತ್ರ ಬರೆದರು. ಊರಿನ ಕಲಾವಿದರಿಗೆ ಎದುರಿಗೆ ನಿಂತು ನೋಡುವ ಅವಕಾಶವೇ ಇರಲಿಲ್ಲ. ಅಜ್ಜಿಯ ಮಾತಿನಂತೆ ಒಳಗೆ ಏನೂ ಉಳಿದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಮರದ ಮೇಲೆ ಉಳಿ ಹೇಗೆ ಓಡಿದೆ ಅಂತ ಕಲಿಯಬಹುದಲ್ಲ?

ಕಡಲ ಕಡೆಯವ:

ಅದು ಹೌದು. ನಮ್ಮ ಹೊಸ ಮೂರ್ತಿ ಕೆತ್ತಿದವರು ಹಳೆಯದನ್ನು ನೋಡಿಯೇ ಕೆತ್ತಿದ್ದು. ಈಗಿನ ಹುಡುಗರು ಫೋಟೋ ನೋಡಿ ಕೆತ್ತುತ್ತಾರೆ. ಬೆನ್ನು ಹೇಗಿರಬೇಕು ಅಂತ ಫೋಟೋದಲ್ಲಿ ಕಾಣುವುದಿಲ್ಲ.

ಸುಮ್ನೆ ಕೇಳ್ದೆ:

ಆ 26ರಲ್ಲಿ ಏನೇನಿದೆ? ಎಲ್ಲಾ ರಾಜರದ್ದೇನಾ?

ಪ್ಯಾರಿಸ್ ಕನ್ನಡತಿ:

ಮೂರು ದೊಡ್ಡ ಪ್ರತಿಮೆಗಳು. ಘೆಜೊ ಹಕ್ಕಿಯ ರೂಪ, ಮಗ ಗ್ಲೆಲೆ ಸಿಂಹ, ಮೊಮ್ಮಗ ಬೆಹಾಂಜಿನ್ ಶಾರ್ಕ್ ಮೀನು. ಸಿಂಹಾಸನಗಳು, ಅರಮನೆಯ ಕೆತ್ತನೆ ಬಾಗಿಲುಗಳು, ರಾಜದಂಡಗಳು. ಜೊತೆಗೆ ಒಂದು ನೇಯ್ಗೆಯ ಮಗ್ಗ, ಒಬ್ಬ ಸೈನಿಕನ ಚಲ್ಲಣ. ನನಗೆ ಆ ಚಲ್ಲಣವೇ ಜಾಸ್ತಿ ಕಾಡುತ್ತದೆ. ರಾಜನಿಗೆ ಪ್ರತಿಮೆ ಇದೆ, ಹೆಸರಿದೆ, ಸಿನಿಮಾದಲ್ಲಿ ದನಿಯೂ ಇದೆ. ಚಲ್ಲಣದವನು ಯಾರೋ.

ಸುಮ್ನೆ ಕೇಳ್ದೆ:

ಅವನ ದನಿಯಲ್ಲಿ ಮಾಡಿದ್ದರೆ ನಾನು ಈ ಸಿನಿಮಾಕ್ಕೆ ಜಗಳವನ್ನೇ ತೆಗೆಯುತ್ತಿರಲಿಲ್ಲ.

ಕಪ್ಪು ಕೋಟು:

ಅಬೋಮಿ ಅರಮನೆಗಳು 1985ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಇವನ್ನು ಇಡಲು ಅಲ್ಲಿ ಹೊಸ ಮ್ಯೂಸಿಯಂ ಕಟ್ಟುವ ಯೋಜನೆಯ ದುಡ್ಡಿನಲ್ಲಿ ಫ್ರಾನ್ಸಿನ ಸಾಲವೂ ಸೇರಿದೆ. ಎತ್ತಿಕೊಂಡು ಹೋದವರೇ ಬೀರು ಮಾಡಿಸಲು ಬಡ್ಡಿಗೆ ಸಾಲ ಕೊಟ್ಟಂತೆ.

ಗಾಂಧಿ ಕ್ಲಾಸ್:

ಅದನ್ನೂ ಯಾರಾದರೂ ಡಾಕ್ಯುಮೆಂಟರಿ ಮಾಡಲಿ. ಬೀಡಿ ಬಿಸಾಕಿ ಒಳಗೆ ಬರುತ್ತೇನೆ.

ಕಲಾಶಾಲೆ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ‘ದಹೋಮಿ’ಯ ಚರ್ಚೆಯ ಭಾಗ ತೋರಿಸಿದೆ. ಪ್ರೊಜೆಕ್ಟರ್ ಎರಡು ಸಲ ಕೈಕೊಟ್ಟಿತು. ಆಮೇಲೆ ಬೋರ್ಡಿನ ಮೇಲೆ ಹಳೇ ಸಾಲು ಬರೆದು, ಅದರ ಕೆಳಗೆ ‘1892, ಅಬೋಮಿ, ಡಾಡ್ಸ್’ ಅಂತ ಇನ್ನೊಂದು ಸಾಲು ಬರೆದೆ. ಮೆಕ್ಕೆಕಟ್ಟಿನ ಅಜ್ಜಿಯ ಮಾತನ್ನೂ ಹೇಳಿದೆ, ಅನುಮತಿ ಕೇಳದೆ. ಬೈಯಬೇಡಿ.

ಮೊದಲು ಪ್ರಶ್ನೆ ಕೇಳಿದ್ದವಳೇ ಮತ್ತೆ ಕೈ ಎತ್ತಿದಳು. ‘ಸರ್, ಪರೀಕ್ಷೇಲಿ ಕ್ಯೂಬಿಸಂ ಮೇಲೆ ಆಫ್ರಿಕಾದ ಪ್ರಭಾವ ಅಂತ ಐದು ಮಾರ್ಕ್ಸಿಗೆ ಕೇಳ್ತಾರಲ್ಲ, ಅದರಲ್ಲಿ ಇದನ್ನ ಬರೀಬಹುದಾ?’

ಏನು ಹೇಳಲಿ? ಮೌಲ್ಯಮಾಪನ ಮಾಡುವವರು ಬೇರೆ ಕಾಲೇಜಿನವರು.

ಕಪ್ಪು ಕೋಟು:

ಕೀ ಆನ್ಸರ್‌ನಲ್ಲಿ ಇಲ್ಲದಿದ್ದರೆ ಕೊಡಲ್ಲ.

ಕಡಲ ಕಡೆಯವ:

ಕೀ ಆನ್ಸರ್ ಮಾಡುವವರು ಯಾರು ಮೇಷ್ಟ್ರೇ?

ಕಲಾಶಾಲೆ ಮೇಷ್ಟ್ರು:

ಈ ವರ್ಷ ನಾನೂ ಆ ಕಮಿಟಿಯಲ್ಲಿದ್ದೇನೆ.